ಪತನದ ಪಾಠವೂ ಅದರ ಕನ್ನಡವೂ

ವಸ್ತುಗಳ ಪತನವನ್ನು ಬೋಧಿಸುವಾಗ ಶಾಲೆಗಳಲ್ಲಿ ರೂಢಿಯಾಗಿ ಕೇಳಿಬರುವ ಮಾತಿನ ಸ್ವರೂಪವು ಇಂಥದು: ಭಾರವಾದುದೂ ಹಗುರವಾದುದೂ ಸಮವೇಗದಿಂದ ಬೀಳುತ್ತವೆ, ಗಾಳಿಯ ತಡೆ ಮಾತ್ರ ಇರಕೂಡದು. ಈ ವಾಕ್ಯವು ಶಾಸ್ತ್ರದೃಷ್ಟಿಯಿಂದಲೂ ಭಾಷಾದೃಷ್ಟಿಯಿಂದಲೂ ವಿಚಾರಾರ್ಹವಾದುದು.

'ಸಮವೇಗ' ಎಂಬ ಪದವು ಮೊದಲನೆಯ ದೋಷ. ಬೀಳುವ ವಸ್ತುವಿನ ವೇಗವು ಕ್ಷಣಕ್ಷಣಕ್ಕೂ ಏರುವುದು. ತಡೆಯಿಲ್ಲದಿದ್ದರೆ ಪ್ರತಿ ಸೆಕೆಂಡಿನಲ್ಲಿಯೂ ಸೆಕೆಂಡಿಗೆ ಸುಮಾರು 9.8 ಮೀಟರಿನಷ್ಟು ಅಧಿಕವಾಗುವುದು. ಸಮವಾದುದು ವೇಗೋತ್ಕರ್ಷವೇ ಹೊರತು ವೇಗವಲ್ಲ. ಒಂದು ಪದವನ್ನು ತಿದ್ದಿದರೆ ಈ ದೋಷವು ಪರಿಹಾರವಾಗುತ್ತದೆ. ಎರಡನೆಯದು ಅಷ್ಟು ಸುಲಭವಲ್ಲ. ನಿಯಮಕ್ಕೆ ಪ್ರಾಣಭೂತವಾದ ನಿಬಂಧನೆಯು ವಾಕ್ಯದ ಬಾಲದಲ್ಲಿ ಬಿದ್ದಿದೆ. ಬಾಯಿಪಾಠ ಮಾಡುವ ವಿದ್ಯಾರ್ಥಿಯು ಬಾಲವನ್ನು ಬಿಟ್ಟು ಉಳಿದುದನ್ನು ಒಪ್ಪಿಸುತ್ತಾನೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ರಾಗಿಯ ಕಣವನ್ನು ನೆನೆಯಬೇಕು. ಒಕ್ಕಿದ ರಾಶಿಯನ್ನು ಮೊರದಲ್ಲಿ ಎತ್ತಿ ಗಾಳಿಗೆ ತೂರಿದರೆ ಕಾಳು ಕಾಲಬುಡದಲ್ಲಿ ಬೀಳುತ್ತದೆ, ಹೊಟ್ಟು ದೂರಕ್ಕೆ ಹಾರುತ್ತದೆ. ಕಲ್ಲು ಬೀಳುವುದು, ಎಲೆ ಉದುರುವುದು, ಹೊಟ್ಟು ಹಾರುವುದು: ಈ ಭೇದವನ್ನು ಕನ್ನಡದ ಕ್ರಿಯಾಪದಗಳೇ ಬಲ್ಲವು. (ಈ ಸೀಮೆಯ ಅನೇಕ ಮನೆಗಳ ಮಾತಾದ ತೆಲುಗಿನಲ್ಲಿ ಬೀಳುವುದಕ್ಕೆ 'ಪಡು' ಎಂಬ ಧಾತುವುಂಟು, ಕನ್ನಡದಲ್ಲಿ ಆ ಅರ್ಥವು ಸೂರ್ಯನು ಇಳಿಯುವ ಪಡುವಣದಲ್ಲಿ ಉಳಿದಿದೆ.) ಇದನ್ನೆಲ್ಲ ಕಂಡ ಬಾಲಕನಿಗೆ ಮೇಲಣ ವಾಕ್ಯವು ಅವನ ಕಣ್ಣನ್ನೇ ಸುಳ್ಳುಮಾಡುವಂತೆ ತೋರುವುದು. ಆಗ ಅವನು ಪರೀಕ್ಷೆಗೊಂದು ಸತ್ಯ, ಕಣಕ್ಕೊಂದು ಸತ್ಯವೆಂದು ಎರಡನ್ನು ಬೇರೆ ಬೇರೆ ಇಟ್ಟುಕೊಳ್ಳುವನು. ಹಾನಿಯಿರುವುದು ಇಲ್ಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿ, ಭೌತಶಾಸ್ತ್ರದ ಅಧ್ಯಾಪಕರಾಗಿ, ಪ್ರಶ್ನಿಸದೆ ಯಾವುದನ್ನೂ ಒಪ್ಪಕೂಡದೆಂದು ಬೋಧಿಸಿದ ಡಾ. ಎಚ್. ನರಸಿಂಹಯ್ಯನವರ ಸೀಮೆಯಲ್ಲಿ ಬಾಲಕನು ಈ ವಾಕ್ಯವನ್ನು ಪ್ರಶ್ನಿಸಿದರೆ ಅಧ್ಯಾಪಕನು ಸಂತೋಷಪಡತಕ್ಕದ್ದು.

ಪ್ರಯೋಗವಾದರೋ ಬಹು ಸರಳವಾದುದು. ಒಂದೇ ಅಳತೆಯ ಎರಡು ಕಾಗದಗಳಲ್ಲಿ ಒಂದನ್ನು ಉಂಡೆಮಾಡಿ ಎರಡನ್ನೂ ಒಟ್ಟಿಗೆ ಬಿಟ್ಟರೆ ಉಂಡೆಯು ಮೊದಲು ನೆಲ ಸೇರುವುದು. ತೂಕವು ಒಂದೇ, ಭೇದವು ಆಕಾರದಲ್ಲಿದೆ. ಸಾಮಾನ್ಯವಾಗಿ ಪಾಠವು ಇಲ್ಲಿಗೆ ನಿಲ್ಲುತ್ತದೆ, ನಿಲ್ಲಬಾರದು. ಒಂದು ದೊನ್ನೆಯನ್ನೂ, ಒಂದರೊಳಗೊಂದು ಕೂರಿಸಿದ ನಾಲ್ಕು ದೊನ್ನೆಗಳನ್ನೂ ಎರಡಾಳೆತ್ತರದಿಂದ ಬಿಟ್ಟು ನೋಡಬೇಕು. ಇಲ್ಲಿ ಆಕಾರವು ಒಂದೇ, ತೂಕವು ನಾಲ್ಮಡಿ. ನಾಲ್ಕರ ಕಟ್ಟು ಮೊದಲು ಬೀಳುತ್ತದೆ. ಗಾಳಿಯಿರುವ ಕಡೆ ಭಾರವಾದುದು ಬೇಗ ಬೀಳುವುದೆಂಬ ಹಳ್ಳಿಯ ನಂಬಿಕೆಯಲ್ಲಿ ಇಷ್ಟು ಸತ್ಯಾಂಶವುಂಟೆಂದು ಒಪ್ಪಿಕೊಂಡ ಮೇಲೆಯೇ ಗೆಲಿಲಿಯೋವಿನ ನಿಯಮವು ಮನಸ್ಸಿಗೆ ಹತ್ತುವುದು.

ವಾಕ್ಯರಚನೆಯ ವಿಷಯದಲ್ಲಿ ವೈಶೇಷಿಕರ ಮಾರ್ಗವು ಗಮನಾರ್ಹವಾಗಿದೆ. ಕಣಾದನು ಪತನಕ್ಕೆ ಗುರುತ್ವವನ್ನು ಕಾರಣವಾಗಿ ಹೇಳುವಾಗ, ತಡೆಹಿಡಿಯುವ ಸಂಯೋಗದ ಅಭಾವವನ್ನು ಅದಕ್ಕೆ ಮೊದಲೇ ಇಡುತ್ತಾನೆ. ಪ್ರತಿಬಂಧಕವು ಮೊದಲು, ಕಾರಣವು ಅನಂತರ. ಇದರಿಂದ ಗೆಲಿಲಿಯೋವಿನ ನಿಯಮವು ಸೂತ್ರಕಾರನಿಗೆ ತಿಳಿದಿತ್ತೆಂದು ಸಾಧಿಸಹೊರಡುವುದು ಸಾಹಸವೇ ಸರಿ. ವೈಶೇಷಿಕರ ಗುರುತ್ವವು ಪೃಥಿವಿಯಲ್ಲಿಯೂ ಜಲದಲ್ಲಿಯೂ ಇರುವ ಒಂದು ಗುಣ. ಇಂದಿನ ಗುರುತ್ವಾಕರ್ಷಣೆಯು ವಸ್ತುಗಳು ಒಂದನ್ನೊಂದು ಸೆಳೆಯುವ ಬಲ. ಹಳೆಯ ಪದವನ್ನು ಹೊಸ ಅರ್ಥಕ್ಕೆ ತಂದುದರಿಂದ, ಗುರುವಾದುದು ಹೆಚ್ಚು ಬೇಗ ಬೀಳಬೇಕಲ್ಲವೇ ಎಂಬ ಶಂಕೆಯು ಪದದೊಳಗೇ ಕುಳಿತಿದೆ. ಭಾರವಾದುದನ್ನು ಭೂಮಿಯು ಹೆಚ್ಚಾಗಿ ಸೆಳೆಯುವುದು ನಿಜ. ಆದರೆ ಅದನ್ನು ಚಲಿಸಮಾಡುವುದಕ್ಕೆ ಅಷ್ಟೇ ಪ್ರಮಾಣದಲ್ಲಿ ಹೆಚ್ಚಿನ ಬಲವು ಬೇಕು. ಎರಡೂ ಸರಿದೂಗುವುದರಿಂದ ವೇಗೋತ್ಕರ್ಷವು ಒಂದೇ ಆಗುತ್ತದೆ. ಈ ಕಾರಣವನ್ನು ಹೇಳದ ಪಾಠವು ಅಪೂರ್ಣ.

ಆದುದರಿಂದ ವಾಕ್ಯವು ಹೀಗಿರಬಹುದು: "ಗಾಳಿಯ ತಡೆಯಿಲ್ಲದ ಕಡೆ ಎಲ್ಲ ವಸ್ತುಗಳೂ ಸಮಾನವಾದ ವೇಗೋತ್ಕರ್ಷದಿಂದ ಬೀಳುತ್ತವೆ, ತಡೆಯಿರುವ ಕಡೆ ತೂಕವೂ ಆಕಾರವೂ ಭೇದವನ್ನುಂಟುಮಾಡುತ್ತವೆ." ಮೊದಲ ಭಾಗಕ್ಕೆ ನಿದರ್ಶನವು 1971ರಲ್ಲಿ ದೊರಕಿತು: ಅಪೋಲೋ 15ರ ಯಾತ್ರಿಕ ಡೇವಿಡ್ ಸ್ಕಾಟನು ವಾಯುವಿಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಗಿಡುಗದ ಗರಿಯನ್ನೂ ಒಟ್ಟಿಗೆ ಬಿಟ್ಟನು, ಅವು ಒಟ್ಟಿಗೆ ನೆಲ ಮುಟ್ಟಿದುವು. ಶಾಲೆಯಲ್ಲಿ ನಾಣ್ಯದ ಮೇಲೆ ಅದಕ್ಕಿಂತ ಕಿರಿದಾದ ಕಾಗದದ ಬಿಲ್ಲೆಯನ್ನಿಟ್ಟು ಮಟ್ಟಸವಾಗಿ ಬಿಟ್ಟರೆ ಎರಡೂ ಜೊತೆಯಾಗಿ ಇಳಿಯುತ್ತವೆ. ಎದುರಿನ ಗಾಳಿಯನ್ನು ನಾಣ್ಯವೇ ಸೀಳಿಕೊಂಡು ಹೋಗುತ್ತದೆ. ಆದರೆ ಇದನ್ನು ನಿರ್ವಾತದ ಪ್ರಯೋಗವೆಂದು ಹೇಳಿಬಿಡುವುದು ತಪ್ಪು.

1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದವರಲ್ಲೊಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಪ್ರಾಧ್ಯಾಪಕರೂ ಹೌದು, ಪಂಪಭಾರತವನ್ನು ಸಂಪಾದಿಸಿದವರೂ ಹೌದು. ಆ ಎರಡು ಪಾಂಡಿತ್ಯಗಳು ಒಬ್ಬರಲ್ಲಿ ಕೂಡುವುದು ಅಪರೂಪ. ಕೂಡದಿದ್ದಲ್ಲಿ ಪಾಠಪುಸ್ತಕದ ಕರಡನ್ನು ಭೌತಶಾಸ್ತ್ರಜ್ಞನೊಡನೆ ವ್ಯಾಕರಣವನ್ನು ಬಲ್ಲವನೂ ಕುಳಿತು ಓದತಕ್ಕದ್ದು.