ಚಾಪ್‌ಮನ್‌ಗೆ ಸಿಗದ ಕುರ್ಚಿ

ಭಾರತದ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದದ್ದು ಒಂದು ಹತ್ತಿ ಗಿರಣಿಯ ತಂಡ. 1996–97ರ ಮಾತು. ಪಂಜಾಬಿನ ಫಗವಾಡಾದ ಜಗತ್‌ಜಿತ್ ಕಾಟನ್ ಅಂಡ್ ಟೆಕ್ಸ್‌ಟೈಲ್ ಮಿಲ್, ಆಟದ ಮಂದಿಯ ಬಾಯಲ್ಲಿ ಜೆಸಿಟಿ. ಮಿಲ್ಲಿನ ಸೈರನ್ನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ದಾವಣಗೆರೆಯ ಹಿರಿಯರಿಗೆ ಇದನ್ನು ಓದಿ ಕೊಂಚ ಹೊಟ್ಟೆ ಉರಿದರೆ ತಪ್ಪೇನಿಲ್ಲ. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹಾಡಿ ಹೊಗಳಿದವರು ಹತ್ತಿಯನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದರು. ಮ್ಯಾಂಚೆಸ್ಟರಿನ ಇನ್ನರ್ಧ ಇಲ್ಲಿಗೆ ಬರಲೇ ಇಲ್ಲ.

ಬಂದದ್ದು ಕ್ರಿಕೆಟ್. ಹೈಸ್ಕೂಲ್ ಮೈದಾನದಿಂದ ಹಿಡಿದು ಆನೆಕೊಂಡದ ಓಣಿಗಳವರೆಗೆ ಅದರದೇ ರಾಜ್ಯಭಾರ. ಕರ್ನಾಟಕಕ್ಕೆ ಬೆನ್ನುಬೆನ್ನಿಗೆ ಎರಡು ರಣಜಿ ಗೆದ್ದುಕೊಟ್ಟ ‘ದಾವಣಗೆರೆ ಎಕ್ಸ್‌ಪ್ರೆಸ್’ ವಿನಯ್ ಕುಮಾರ್ ಊರಿನವರೇ ಆದಮೇಲೆ ಹುಡುಗರನ್ನು ದೂರುವುದಾದರೂ ಹೇಗೆ? ಶ್ರಾವಣದಲ್ಲಿ ಆನೆಕೊಂಡದ ಬಸವೇಶ್ವರನ ಕಾರ್ಣಿಕ ಕೇಳಲು ಜನ ಸೇರುತ್ತಾರೆ. ಮಳೆ, ಬೆಳೆ, ರಾಜಕೀಯ ಎಲ್ಲಕ್ಕೂ ಅದರಲ್ಲಿ ಅರ್ಥ ಹುಡುಕುತ್ತಾರೆ. ಫುಟ್‌ಬಾಲ್ ಏನಾಗುತ್ತದೆ ಅಂತ ಕೇಳಿದವರನ್ನು ನಾನಂತೂ ಕಾಣೆ.

ಇರಲಿ. ಈ ವಾರ ನನ್ನ ತಲೆಯಲ್ಲಿ ಕೂತಿರುವುದು ಆ ಜೆಸಿಟಿ ತಂಡ. ಮುಂದಿನ ಸಾಲಿನಲ್ಲಿ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ. ಆ ವರ್ಷ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು, 14 ಗೋಲು ಹೊಡೆದದ್ದು ಭುಟಿಯಾ. ಆ ಇಬ್ಬರ ಹೆಸರು ಫುಟ್‌ಬಾಲ್ ನೋಡದವರಿಗೂ ಗೊತ್ತು. ಅವರ ಹಿಂದೆ ನಿಂತು ಚೆಂಡು ಒದಗಿಸುತ್ತಿದ್ದವನು ಒಬ್ಬ ಬೆಂಗಳೂರಿನ ಹುಡುಗ, ಕಾರ್ಲ್‌ಟನ್ ಚಾಪ್‌ಮನ್. ಅವನ ಹೆಸರು ಹೇಳಿದರೆ ಬೆಂಗಳೂರಿನಲ್ಲೇ ಅರ್ಧ ಜನ ಯಾರು ಅನ್ನುತ್ತಾರೆ.

ಮಿಡ್‌ಫೀಲ್ಡರ್‌ನ ಹಣೆಬರಹವೇ ಇಷ್ಟು. ಅವನನ್ನು ನೋಡುವ ಕ್ರಮವೂ ಬೇರೆ. ಚೆಂಡಿನ ಹಿಂದೆಯೇ ಕಣ್ಣು ಓಡಿಸಿದರೆ ಅವನು ಕಾಣುವುದಿಲ್ಲ. ಚೆಂಡು ಇನ್ನೂ ಬೇರೆಯವನ ಕಾಲಲ್ಲಿರುವಾಗ ಇವನ ಕತ್ತನ್ನು ಗಮನಿಸಬೇಕು. ಒಳ್ಳೆಯವನಾದರೆ ಕತ್ತು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಲೇ ಇರುತ್ತದೆ: ಬೆನ್ನ ಹಿಂದೆ ಯಾರಿದ್ದಾರೆ, ಯಾವ ಕಡೆ ಜಾಗ ತೆರೆದಿದೆ, ತನ್ನ ಫಾರ್ವರ್ಡ್ ಓಡಲು ಶುರುಮಾಡಿದನೋ ಇಲ್ಲವೋ. ಚೆಂಡು ಕಾಲಿಗೆ ಬರುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ. ಗೋಲ್‌ಕೀಪರ್‌ಗೆ ಇಡೀ ಆಟ ಎದುರಿಗಿರುತ್ತದೆ, ಫಾರ್ವರ್ಡ್‌ಗೆ ಬೆನ್ನಿಗಿರುತ್ತದೆ. ನಾಲ್ಕೂ ಕಡೆ ಆಟ ಇಟ್ಟುಕೊಂಡು ಬದುಕಬೇಕಾದವನು ಮಿಡ್‌ಫೀಲ್ಡರ್ ಒಬ್ಬನೇ. ಆಂಚಲೊಟ್ಟಿ, ಗಾರ್ಡಿಯೊಲಾ, ಡೆಶಾಂ, ಜಿಡಾನ್ ಎಲ್ಲರೂ ಈ ನಡುಮೈದಾನದಿಂದಲೇ ಎದ್ದುಹೋಗಿ ಕೋಚ್‌ನ ಕುರ್ಚಿಯಲ್ಲಿ ಕೂತದ್ದು ಸುಮ್ಮನೆ ಅಲ್ಲ.

ಚಾಪ್‌ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು. ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರ, ಆಮೇಲೆ ಸದರ್ನ್ ಬ್ಲೂಸ್ ಕ್ಲಬ್, ಅಲ್ಲಿಂದ ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ. 1987ರಲ್ಲಿ ಶುರುವಾದ ಆ ಅಕಾಡೆಮಿ ಆಗ ದೇಶದಲ್ಲಿ ಹುಡುಗರಿಗೆ ಊಟ, ವಸತಿ, ಓದು, ಆಟ ಎಲ್ಲವನ್ನೂ ಒಟ್ಟಿಗೆ ಕೊಡುತ್ತಿದ್ದ ಅಪರೂಪದ ಜಾಗ. 1993ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದ. ಸೇರಿದ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ಎದುರು ಹ್ಯಾಟ್ರಿಕ್ ಹೊಡೆದ. ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು. ಇರಾಕಿನ ಫುಟ್‌ಬಾಲ್ ನಮ್ಮದಕ್ಕಿಂತ ಎಷ್ಟು ಮೇಲಿತ್ತು, ಈಗಲೂ ಎಷ್ಟು ಮೇಲಿದೆ ಅನ್ನುವುದು ಗೊತ್ತಿದ್ದವರಿಗೆ ಈ ಅಂಕಿಯ ತೂಕ ತಿಳಿಯುತ್ತದೆ. ಅದರಲ್ಲೂ ಹ್ಯಾಟ್ರಿಕ್ ಹೊಡೆದವನು ಫಾರ್ವರ್ಡ್ ಅಲ್ಲ, ಮಿಡ್‌ಫೀಲ್ಡರ್.

1995ರಲ್ಲಿ ಜೆಸಿಟಿ. ಅಲ್ಲಿನ ಎರಡು ವರ್ಷಗಳೇ ಅವನ ಆಟದ ತುತ್ತತುದಿ ಅನ್ನುವುದು ನನ್ನ ಅಭಿಪ್ರಾಯ, ಕಲ್ಕತ್ತೆಯವರು ಒಪ್ಪಲಾರರು. ಭಾರತ ಫಿಫಾ ಪಟ್ಟಿಯಲ್ಲಿ 94ನೇ ಸ್ಥಾನಕ್ಕೇರಿದ್ದು ಆಗಲೇ, 1996ರ ಫೆಬ್ರುವರಿಯಲ್ಲಿ. ಅಲ್ಲಿಗಿಂತ ಮೇಲೆ ನಾವು ಇವತ್ತಿಗೂ ಹತ್ತಿಲ್ಲ. 1997ರಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದ ಭಾರತ ತಂಡದಲ್ಲೂ ಚಾಪ್‌ಮನ್ ಇದ್ದ, ಕೆಲಕಾಲ ದೇಶದ ತಂಡದ ನಾಯಕನೂ ಆಗಿದ್ದ. ಅದೇ ವರ್ಷ ಹೊಸದಾಗಿ ಹುಟ್ಟಿದ ಎಫ್‌ಸಿ ಕೊಚ್ಚಿನ್ ದೊಡ್ಡ ಹಣ ಚೆಲ್ಲಿ ಆಟಗಾರರನ್ನು ಕರೆದಾಗ ಒಂದು ಸೀಸನ್ ಅಲ್ಲಿಗೂ ಹೋಗಿಬಂದ. 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್. 2000–01ರಲ್ಲಿ ಆ ಕ್ಲಬ್ ಮೊದಲ ಬಾರಿಗೆ ರಾಷ್ಟ್ರೀಯ ಲೀಗ್ ಗೆದ್ದಾಗ ನಾಯಕನ ಪಟ್ಟಿ ಇದ್ದದ್ದು ಇವನ ತೋಳಿನಲ್ಲೇ. ಗೆದ್ದ ಕೈಯಲ್ಲೇ ಬೂಟು ಕಳಚಿಟ್ಟ. ಆಗ ಮೂವತ್ತು ವರ್ಷ.

ಆಮೇಲಿನ ಕತೆಯನ್ನು ಪತ್ರಿಕೆಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ನನಗೆ ಕುತೂಹಲ ಇರುವುದು ಅಲ್ಲೇ.

2002ರಲ್ಲಿ ಚಾಪ್‌ಮನ್ ತಾನು ಕಲಿತ ಟಾಟಾ ಅಕಾಡೆಮಿಗೇ ಕೋಚ್ ಆಗಿ ವಾಪಸಾದ. ಅಲ್ಲಿಂದ ಮುಂದೆ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ, ಕಲ್ಕತ್ತೆಯ ಭವಾನಿಪುರ್, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ, ಕೊನೆಗೆ ಕೋಯಿಕ್ಕೋಡಿನ ಕ್ವಾರ್ಟ್ಜ್ ಕ್ಲಬ್ಬಿನ ತಾಂತ್ರಿಕ ನಿರ್ದೇಶಕ. ಹೆಸರುಗಳನ್ನು ಒಮ್ಮೆ ನಿಧಾನವಾಗಿ ಓದಿ. ಶಿಲ್ಲಾಂಗಿನಿಂದ ಕೋಯಿಕ್ಕೋಡಿನವರೆಗೆ ದೇಶ ಸುತ್ತಿದ್ದಾನೆ, ಆದರೆ ಇವುಗಳಲ್ಲಿ ಒಂದೂ ಅವನ ಕಾಲದಲ್ಲಿ ದೇಶದ ಮೊದಲ ದರ್ಜೆಯ ತಂಡವಲ್ಲ. ವಾಹಿಂಗ್ಡೊ ಮಾತ್ರ ಆಮೇಲೆ ಮೇಲಕ್ಕೆ ಬಂದು ರಾಷ್ಟ್ರೀಯ ಲೀಗಿನ ಜಾಗಕ್ಕೆ ಬಂದಿದ್ದ ಐ–ಲೀಗ್‌ನಲ್ಲಿ 2014–15ರಲ್ಲಿ ಮೂರನೇ ಸ್ಥಾನ ಪಡೆಯಿತು. ಆಗ ಕೋಚ್ ಬೇರೆಯವರು. ಮರುವರ್ಷ ಕ್ಲಬ್ಬೇ ಲೀಗಿನಿಂದ ಹೊರನಡೆಯಿತು.

ಆಡಿದ ಮನೆಗಳೂ ಹೀಗೇ ಬಿದ್ದವು. ಎಫ್‌ಸಿ ಕೊಚ್ಚಿನ್ ಆಟಗಾರರಿಗೆ ಸಂಬಳ ಕೊಡಲಾಗದೆ ಕೆಲವೇ ವರ್ಷಗಳಲ್ಲಿ ಮುಳುಗಿತು. ಜೆಸಿಟಿ 2011ರಲ್ಲಿ ತಂಡವನ್ನೇ ಮುಚ್ಚಿತು. ನಮ್ಮ ಕಡೆಯ ಗಿರಣಿ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನಲ್ಲಿಯೂ ಫುಟ್‌ಬಾಲ್ ಬದುಕಿದ್ದು ಕಾರ್ಖಾನೆಗಳ ನೆರಳಲ್ಲಿ. 1977ರಲ್ಲಿ ಮೊದಲ ಫೆಡರೇಷನ್ ಕಪ್‌ನ ಫೈನಲ್‌ನಲ್ಲಿ ಮೋಹನ್ ಬಾಗಾನ್‌ನಂಥ ಮೋಹನ್ ಬಾಗಾನನ್ನು ಸೋಲಿಸಿದ್ದು ದೂರವಾಣಿನಗರದ ಐಟಿಐ ಕಾರ್ಖಾನೆಯ ತಂಡ. ಆಡುವವನಿಗೆ ಕೆಲಸ, ಆಟ ಮುಗಿದಮೇಲೂ ಕೆಲಸ, ಸಂಜೆ ಹೊಸ ಹುಡುಗರನ್ನು ತಯಾರು ಮಾಡುವ ಹೊಣೆ. ಆ ವ್ಯವಸ್ಥೆ ಸಡಿಲವಾದಮೇಲೆ ಹಳೆಯ ಆಟಗಾರನಿಗೆ ಉಳಿದದ್ದು ವರ್ಷಕ್ಕೊಂದು ಊರು, ವರ್ಷಕ್ಕೊಂದು ಕರಾರು.

ಚಾಪ್‌ಮನ್‌ನ ಈ ಕತೆಯನ್ನು ಬಲ್ಗೇರಿಯದ ಕ್ರಾಸಿಮಿರ್ ಬಾಲಕೋವ್‌ನ ಕತೆಯ ಜೊತೆ ಇಟ್ಟು ನೋಡಬೇಕು ಅನ್ನಿಸುತ್ತದೆ. 1994ರ ವಿಶ್ವಕಪ್‌ನಲ್ಲಿ ಜರ್ಮನಿಯನ್ನು ಮನೆಗೆ ಕಳಿಸಿ ಸೆಮಿಫೈನಲ್‌ಗೆ ಬಂದ ಬಲ್ಗೇರಿಯ ನೆನಪಿದೆಯಲ್ಲ? ಸ್ಟೊಯಿಚ್ಕೋವ್ ಗೋಲು ಹೊಡೆದು ದೇವರಾದ, ನಡುವಿನಲ್ಲಿ ಚೆಂಡು ಹಂಚಿದವನು ಬಾಲಕೋವ್. ಲಿಸ್ಬನ್ನಿನ ಸ್ಪೋರ್ಟಿಂಗ್, ಆಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್; ಅಲ್ಲಿ ಎಲ್ಬರ್, ಬೊಬಿಚ್ ಜೊತೆ ಸೇರಿ ಕಟ್ಟಿದ ಮೂವರ ಕೂಟವನ್ನು ಜರ್ಮನರು ‘ಮಾಂತ್ರಿಕ ತ್ರಿಕೋನ’ ಎಂದು ಕರೆದರು. ಎಡಗಾಲಿನ ಅಂಥ ಪಾಸುಗಳನ್ನು ನಾನು ಕಂಡದ್ದು ಕಡಿಮೆ.

ಕೋಚ್ ಆಗಿ? ಹೇಳಿಕೊಳ್ಳುವಂಥದ್ದೇನಲ್ಲ. 2012ರ ಮಾರ್ಚ್‌ನಲ್ಲಿ ಮುಳುಗುತ್ತಿದ್ದ ಕೈಸರ್ಸ್‌ಲೌಟರ್ನ್ ತಂಡವನ್ನು ಕೈಗೆ ಕೊಟ್ಟರು. ಅದು ಮುಳುಗಿಯೇ ಹೋಯಿತು. 2019ರಲ್ಲಿ ದೇಶದ ತಂಡವನ್ನೇ ಕೊಟ್ಟರು. ಅಕ್ಟೋಬರ್ 14ರಂದು ಸೋಫಿಯಾದಲ್ಲಿ ಇಂಗ್ಲೆಂಡ್ ಎದುರು 0–6 ಸೋಲು. ಗ್ಯಾಲರಿಯಿಂದ ಕಪ್ಪು ಆಟಗಾರರ ಮೇಲೆ ಜನಾಂಗೀಯ ನಿಂದನೆ, ಅದಕ್ಕಾಗಿ ಎರಡು ಬಾರಿ ನಿಂತ ಆಟ. ತನಗೇನೂ ಕೇಳಿಸಲಿಲ್ಲ ಅಂದ ಬಾಲಕೋವ್ ವಾರ ತುಂಬುವುದರೊಳಗೆ ಹುದ್ದೆ ಬಿಟ್ಟ. ಮೈದಾನದ ನಾಲ್ಕೂ ಮೂಲೆ ಕಂಡ ಮಿಡ್‌ಫೀಲ್ಡರ್‌ಗೆ ಗ್ಯಾಲರಿ ಕೇಳಿಸಲಿಲ್ಲವಂತೆ!

ಆದರೂ ನೋಡಿ: ಗ್ರಾಸ್‌ಹಾಪರ್, ಸೇಂಟ್ ಗಾಲನ್, ಹಾಯ್ಡುಕ್ ಸ್ಪ್ಲಿಟ್, ಲಿಟೆಕ್ಸ್ ಲೊವೆಚ್. ಸೋತಷ್ಟೂ ಸಲ ಇನ್ನೊಂದು ಕುರ್ಚಿ ಅವನಿಗಾಗಿ ಕಾದಿತ್ತು. ಸೋಲಲು ಅವಕಾಶ ಸಿಕ್ಕಿತು. ಚಾಪ್‌ಮನ್ ಒಳ್ಳೆಯ ಕೋಚ್ ಆಗುತ್ತಿದ್ದನೋ ಕೆಟ್ಟ ಕೋಚ್ ಆಗುತ್ತಿದ್ದನೋ, ದೊಡ್ಡ ಲೀಗಿನಲ್ಲಿ ಅದು ಪರೀಕ್ಷೆಗೇ ಬರಲಿಲ್ಲ. ನನ್ನ ತಕರಾರು ಇರುವುದು ಇಷ್ಟಕ್ಕೇ.

2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಾದಾಗ ಕೋಚ್‌ಗಳ ಕುರ್ಚಿಯೆಲ್ಲ ಹೊರದೇಶದವರಿಗೆ ಹೋಯಿತು. ಡಿ, ಸಿ, ಬಿ, ಎ, ಪ್ರೊ ಎಂದು ಲೈಸೆನ್ಸ್‌ಗಳ ಮೆಟ್ಟಿಲು. ಮೇಲಿನ ಲೀಗಿಗೆ ಪ್ರೊ ಬೇಕು, ಅದಕ್ಕೆ ವರ್ಷಗಳೂ ಬೇಕು, ದುಡ್ಡೂ ಬೇಕು. ಆ ಲೀಗಿನಲ್ಲಿ ಭಾರತೀಯನೊಬ್ಬ ಪೂರ್ಣಾವಧಿ ಮುಖ್ಯ ಕೋಚ್ ಆದದ್ದು 2021ರಲ್ಲಿ: ನಾರ್ತ್‌ಈಸ್ಟ್ ಯುನೈಟೆಡ್‌ನ ಖಾಲಿದ್ ಜಮೀಲ್. ಅವನೂ ಮಿಡ್‌ಫೀಲ್ಡರ್. ಎರಡನೇ ದರ್ಜೆಗೆ ಜಾರುವುದರಲ್ಲಿದ್ದ ಐಜ್ವಾಲ್ ತಂಡವನ್ನು 2017ರಲ್ಲಿ ಐ–ಲೀಗ್ ಚಾಂಪಿಯನ್ ಮಾಡಿದವನು, 2025ರ ಆಗಸ್ಟ್‌ನಲ್ಲಿ ದೇಶದ ತಂಡದ ಕೋಚ್ ಆದ. ಬೆಂಗಳೂರು ಎಫ್‌ಸಿಯಲ್ಲಿ ಹೊರದೇಶದ ಕೋಚ್ ಹೊರಟ ಮೇಲೆ ಕೆಲಕಾಲ ತಂಡ ನೋಡಿಕೊಂಡ ರೆನೆಡಿ ಸಿಂಗ್ ಕೂಡ ಮಿಡ್‌ಫೀಲ್ಡರ್, ಟಾಟಾ ಅಕಾಡೆಮಿಯಲ್ಲೇ ಕಲಿತವನು. ಬಾಗಿಲು ತೆರೆಯಿತು, ಚಾಪ್‌ಮನ್‌ಗೆ ತಡವಾಗಿ. 2020ರ ಅಕ್ಟೋಬರ್ 12ರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ತೀರಿಹೋದ. 49 ವರ್ಷ. ಕೋಚ್‌ಗೆ ಅದು ಹರೆಯ.

ನಮ್ಮ ಕಡೆಯ ಗರಡಿಮನೆಯಲ್ಲಿ ಈ ತೊಡಕಿಲ್ಲ. ಕಣಕ್ಕೆ ಇಳಿಯುವ ವಯಸ್ಸು ದಾಟಿದ ಪೈಲ್ವಾನ ವಸ್ತಾದನಾಗುತ್ತಾನೆ, ಮಟ್ಟಿಯ ಪಕ್ಕದಲ್ಲಿ ಅವನಿಗೊಂದು ಜಾಗ ಇದ್ದೇ ಇರುತ್ತದೆ. ಹುಡುಗ ಗೆದ್ದರೆ ವಸ್ತಾದನ ಹೆಸರೂ ಕೂಗುತ್ತಾರೆ. ಫುಟ್‌ಬಾಲ್‌ಗೆ ಅಷ್ಟು ಸುಲಭದ ದಾರಿ ಬೇಡ, ಲೈಸೆನ್ಸ್ ಇರಲಿ. ಇವತ್ತಿನ ಆಟಕ್ಕೆ ದೇಹಶಾಸ್ತ್ರ, ವಿಡಿಯೊ, ತಂತ್ರ ಎಲ್ಲ ತಿಳಿದವನೇ ಬೇಕು. ಮೆಟ್ಟಿಲು ಹತ್ತಲು ಯಾರಾದರೂ ಕೈ ಹಿಡಿಯಬೇಕಷ್ಟೆ.

ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 1968–69ರಲ್ಲಿ ಮೈಸೂರು ರಾಜ್ಯ ಸಂತೋಷ್ ಟ್ರೋಫಿ ಗೆದ್ದಮೇಲೆ ನಮಗೆ ಆ ಕಪ್ ಸಿಕ್ಕಿರಲಿಲ್ಲ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ತಂದಿತು. ಕೋಚ್ ಯಾವ ಸ್ಪೇನಿನವನೂ ಅಲ್ಲ, ರವಿ ಬಾಬು ರಾಜು.

ಬೆಂಗಳೂರಿನ ಹಲಸೂರು ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಚಾಪ್‌ಮನ್‌ಗೂ ಒಂದು ಪ್ರತಿಮೆ ಬೇಕು ಅಂತ ನಾನು ಕೇಳುತ್ತಿಲ್ಲ. ದಾವಣಗೆರೆ, ಹರಿಹರದಲ್ಲಿ ಸಂಜೆ ನಾಲ್ಕು ಹುಡುಗರನ್ನು ಕೂಡಿಸಿಕೊಂಡು ಚೆಂಡು ಆಡಿಸುವ ಹಳೆಯ ಆಟಗಾರರು ಇದ್ದರೆ, ಅವರನ್ನು ಮೊದಲ ಮೆಟ್ಟಿಲಾದ ಡಿ ಲೈಸೆನ್ಸ್ ತರಬೇತಿಗೆ ಕಳಿಸಬೇಕು. ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಕೈಬಿಚ್ಚಿ ಬಹುಮಾನ ಕೊಡುವ ನಮ್ಮ ವರ್ತಕರು ವರ್ಷಕ್ಕೆ ಇಬ್ಬರ ಶುಲ್ಕ, ಬಸ್ ಚಾರ್ಜು, ಊಟದ ಖರ್ಚು ಹೊತ್ತರೆ ಸಾಕು.