ಹಿಟ್ಟಿನ ಕೋಳಿ, ಮಣ್ಣಿನ ಗಡಿಗೆ: ‘ಘಟಶ್ರಾದ್ಧ’ದ ತಂದೆ ಮನೋರೋಗಿಯೆ?

ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ (1977) ಆ ವರ್ಷದ ಸ್ವರ್ಣಕಮಲವನ್ನು ಕನ್ನಡಕ್ಕೆ ತಂದ ಕೃತಿ. 2024ರಲ್ಲಿ ಅದರ ಪುನರುದ್ಧರಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ನಿರ್ದೇಶಕರು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಮೂಲಕಥೆಯನ್ನು ಬರೆದ ಯು. ಆರ್. ಅನಂತಮೂರ್ತಿಯವರು ಅದೇ ತಾಲ್ಲೂಕಿನ ಮೇಳಿಗೆಯವರು. ಹೀಗಾಗಿ ಶಿವಮೊಗ್ಗ, ಭದ್ರಾವತಿಗಳ ಪ್ರೇಕ್ಷಕನಿಗೆ ಆ ಚಿತ್ರದ ಅಗ್ರಹಾರವು ದೂರದ ಊರಲ್ಲ.

ಕಥೆ ಬಲ್ಲವರಿಗೆ ಸಂಕ್ಷೇಪವೇ ಸಾಕು. ವೇದಪಾಠಶಾಲೆಯ ಉಡುಪರ ಮಗಳು ಯಮುನಾ ವಿಧವೆ. ಉಪಾಧ್ಯಾಯನೊಬ್ಬನಿಂದ ಗರ್ಭವತಿಯಾದ ಆಕೆಯನ್ನು ಆತ ಕೈಬಿಡುತ್ತಾನೆ. ಊರಿಗೆ ವಿಷಯ ತಿಳಿಯುತ್ತದೆ. ಪರಸ್ಥಳದಿಂದ ಹಿಂದಿರುಗಿದ ತಂದೆ ಬದುಕಿರುವ ಮಗಳಿಗೆ ಶ್ರಾದ್ಧವನ್ನು ಮಾಡಿ, ಗಡಿಗೆಯನ್ನು ಒಡೆದು, ಆಕೆಯನ್ನು ಕುಲದಿಂದ ಹೊರಹಾಕುತ್ತಾನೆ. ಇದೆಲ್ಲವನ್ನೂ ನಾವು ಕಾಣುವುದು ನಾಣಿಯೆಂಬ ಬಾಲಕನ ಕಣ್ಣಿನಿಂದ.

ಇಂದಿನ ತರುಣ ಪ್ರೇಕ್ಷಕರ ಬಾಯಲ್ಲಿ ಇಂಥ ತಂದೆಗೆ ಒಂದೇ ಪದ ಸಿದ್ಧವಾಗಿದೆ: ‘ಸೈಕೋ’. ಸ್ವಲ್ಪ ಓದಿಕೊಂಡವರು ‘ಸೈಕೋಪತಿ’ ಎನ್ನುತ್ತಾರೆ. ಸಿನಿಮಾ ಮತ್ತು ಮನೋವೈದ್ಯಗಳ ನಂಟು ಶಿವಮೊಗ್ಗಕ್ಕೆ ಹೊಸತಲ್ಲ. ಇಲ್ಲಿಯ ಮನೋವೈದ್ಯರಾಗಿದ್ದ ಡಾ. ಅಶೋಕ ಪೈಯವರು ಸುರೇಶ್ ಹೆಬ್ಳೀಕರರ ‘ಕಾಡಿನ ಬೆಂಕಿ’ಯಂತಹ ಚಿತ್ರಗಳ ಮೂಲಕ ಮನಸ್ಸಿನ ವ್ಯಾಧಿಗಳನ್ನು ಜನರಿಗೆ ಪರಿಚಯಿಸಿದವರು. ಆದರೆ ವ್ಯಾಧಿಯನ್ನು ಅರಿಯುವುದು ಬೇರೆ, ಒಲ್ಲದವನ ಮೇಲೆ ವ್ಯಾಧಿಯ ಹೆಸರನ್ನು ಎಸೆಯುವುದು ಬೇರೆ.

ಆ ಪದಕ್ಕೆ ಶಾಸ್ತ್ರದಲ್ಲಿ ಒಂದು ನಿಯತವಾದ ಅರ್ಥವಿದೆ. 1941ರಲ್ಲಿ ಅಮೆರಿಕದ ವೈದ್ಯ ಹರ್ವೆ ಕ್ಲೆಕ್ಲಿ ಅದನ್ನು ವಿಸ್ತಾರವಾಗಿ ವರ್ಣಿಸಿದರು. ಕೆನಡಾದ ರಾಬರ್ಟ್ ಹೇರ್ ಅದಕ್ಕೆ 20 ಲಕ್ಷಣಗಳ ಪಟ್ಟಿಯನ್ನು ರೂಪಿಸಿದರು. ಮೇಲುಮೇಲಿನ ಸೊಗಸಿನ ಮಾತು, ಸಹಜವೆಂಬಂತೆ ಸುಳ್ಳು, ಪಶ್ಚಾತ್ತಾಪದ ಅಭಾವ, ಹೊಣೆಗೇಡಿತನ, ಮುಂದಿನ ಪರಿಣಾಮದ ಭಯವಿಲ್ಲದಿರುವಿಕೆ ಇವು ಮುಖ್ಯ. ಉಡುಪರಲ್ಲಿ ಇವುಗಳಲ್ಲಿ ಯಾವುದಿದೆ? ಅವರು ನಿಯಮಕ್ಕೆ ಕಟ್ಟುಬಿದ್ದ ವಿದ್ವಾಂಸರು. ಊರು ಏನೆಂದೀತು ಎಂಬ ಅಳುಕೇ ಅವರ ಕೈಯಿಂದ ಗಡಿಗೆಯನ್ನು ಒಡೆಸುತ್ತದೆ. ಸೈಕೋಪತಿಯುಳ್ಳವನಿಗೆ ಇಲ್ಲದ್ದು ಲಜ್ಜೆ. ಉಡುಪರನ್ನು ಕ್ರೂರರನ್ನಾಗಿಸಿದ್ದು ಲಜ್ಜೆಯೇ. ಹಿಂಸೆಯಲ್ಲಿ ಸುಖ ಕಾಣುವ ಮನಸ್ಸನ್ನು ನಮ್ಮ ಆಚಾರ್ಯರು ಹಿಂಸಾನಂದಿ ರೌದ್ರಧ್ಯಾನವೆಂದು ಕರೆದಿದ್ದಾರೆ. ಚಿತ್ರದಲ್ಲಿ ಅದರ ಸುಳಿವು ನನಗೆ ಕಂಡದ್ದು ನಾಣಿಯನ್ನು ಪೀಡಿಸುವ ಹಿರಿಯ ವಟುಗಳಲ್ಲಿಯೇ ಹೊರತು ಉಡುಪರಲ್ಲಿ ಅಲ್ಲ.

ಹಾಗಾದರೆ ಉಡುಪರು ನಿರಪರಾಧಿಗಳೆ? ಖಂಡಿತ ಅಲ್ಲ. ಇಲ್ಲಿ ಜನ್ನನ ‘ಯಶೋಧರ ಚರಿತೆ’ (1209) ನೆನಪಾಗುತ್ತದೆ. ದುಃಸ್ವಪ್ನದ ಶಾಂತಿಗೆಂದು ತಾಯಿ ಚಂದ್ರಮತಿ ಬಲಿ ಕೊಡೆನ್ನುತ್ತಾಳೆ. ಜೀವಬಲಿಗೆ ಒಪ್ಪದ ಯಶೋಧರ ಕಡೆಗೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಹಿಟ್ಟಿಗೆ ಪ್ರಾಣವಿಲ್ಲ, ಆದರೂ ತಾಯಿಮಕ್ಕಳಿಬ್ಬರೂ ಭವಭವಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ, ಕೊಲ್ಲಲ್ಪಟ್ಟು ಅದರ ಫಲವನ್ನು ಉಣ್ಣುತ್ತಾರೆ. ಕೊಲ್ಲುವ ಸಂಕಲ್ಪ ಅಲ್ಲಿ ಪೂರ್ಣವಾಗಿತ್ತೆಂಬುದೇ ಕಾರಣ. ಉಡುಪರ ಗಡಿಗೆಯೂ ಅಂಥದ್ದೇ. ಒಡೆದದ್ದು ಮಣ್ಣು, ಸಂಕಲ್ಪಿಸಿದ್ದು ಮಗಳ ಮರಣ. ಚಂದ್ರಮತಿಗೆ ಯಾವ ವ್ಯಾಧಿಯೂ ಇರಲಿಲ್ಲ, ಮಗನ ಮೇಲಿನ ಮೋಹವಿತ್ತು. ಉಡುಪರಿಗೆ ಇದ್ದದ್ದು ಮಾನಕಷಾಯ. ಅದು ಕಲ್ಲಿನ ಕಂಬದಂತೆ, ಎಲುಬಿನಂತೆ, ಮರದಂತೆ, ಬೆತ್ತದಂತೆ ನಾಲ್ಕು ತೆರನೆಂದು ಶಾಸ್ತ್ರ ಹೇಳುತ್ತದೆ. ಬಾಗುವುದು ಎಷ್ಟು ಕಷ್ಟವೆಂಬುದೇ ಅಲ್ಲಿಯ ಅಳತೆ. ಬಾಗಬಹುದಾದುದು ಬಾಗಲಿಲ್ಲವೆಂಬುದರಿಂದಲೇ ಹೊಣೆ ಹುಟ್ಟುತ್ತದೆ. ಮಿದುಳಿನ ದೋಷವೆಂದೊಡನೆ ಆ ಹೊಣೆ ಕರಗುತ್ತದೆ, ಜೊತೆಗೆ ಸಂಸ್ಕಾರಕ್ಕೆ ಒತ್ತಾಸೆಯಾಗಿ ನಿಂತ ಅಗ್ರಹಾರವೂ ಪಾರಾಗುತ್ತದೆ.

‘ಅಭವ್ಯ ಜೀವಗಳೂ ಇವೆಯಲ್ಲ, ಸೈಕೋಪತಿ ಎಂದರೆ ಅದೇ ಅಲ್ಲವೆ’ ಎಂದು ಕೆಲವರು ಕೇಳಬಹುದು. ಹೋಲಿಕೆ ಆಕರ್ಷಕವಾಗಿದೆ, ಆದರೆ ನಿಲ್ಲದು. ಯಾರು ಭವ್ಯ, ಯಾರು ಅಭವ್ಯ ಎಂಬುದು ಕೇವಲಜ್ಞಾನಕ್ಕೆ ಗೋಚರ, ಪ್ರೇಕ್ಷಕನ ಕುರ್ಚಿಗಲ್ಲ. ಅಲ್ಲದೆ ಅಭವ್ಯನಿಗೂ ಕರ್ಮಬಂಧದಿಂದ ವಿನಾಯಿತಿಯಿಲ್ಲ. (ಎಲ್ಲ ವಿವರಣೆಗಳೂ ಸರಿ ಎಂದು ತಲೆಯಾಡಿಸುವುದಕ್ಕೆ ಅನೇಕಾಂತವೆಂಬ ಹೆಸರಿಡುವ ಅಭ್ಯಾಸವೊಂದು ನಮ್ಮಲ್ಲಿ ಬೆಳೆದಿದೆ. ನಯವೆಂದರೆ ಒಂದು ನಿಶ್ಚಿತ ನಿಲುವಿನಿಂದ ಕಂಡ ಸತ್ಯ. ಕಾಣದುದನ್ನು ಹೇಳುವ ನಯವಿಲ್ಲ.)

ಇಷ್ಟು ವಿಸ್ತರಿಸಲು ಕಾರಣವಿದೆ. ಈ ಕಥೆ ಬ್ರಾಹ್ಮಣ ಅಗ್ರಹಾರದ್ದೆಂದು ನಾವು ನಿಶ್ಚಿಂತರಾಗಿ ಕೂರುವಂತಿಲ್ಲ. ಸೋಸಿದ ನೀರನ್ನೇ ಕುಡಿಯುವ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಗಳಲ್ಲಿಯೂ ಅನ್ಯಜಾತಿಯವನನ್ನು ವರಿಸಿದ ಮಗಳ ಬಗ್ಗೆ ‘ನಮ್ಮ ಪಾಲಿಗೆ ಅವಳು ಸತ್ತಳು’ ಎಂಬ ಮಾತು ಬರುತ್ತದೆ. ಪಡಿತರ ಚೀಟಿಯಿಂದ ಹೆಸರು ಹೋಗುತ್ತದೆ, ಗೋಡೆಯ ಫೋಟೋ ಇಳಿಯುತ್ತದೆ. ದಶಲಕ್ಷಣ ಪರ್ವ ಮುಗಿದ ಕ್ಷಮಾವಣಿಯ ದಿನ ಸಮಸ್ತ ಜೀವರಾಶಿಯ ಕ್ಷಮೆ ಕೋರುವಾಗ ಆ ಒಂದು ಜೀವ ಲೆಕ್ಕದಲ್ಲಿ ಇರುವುದಿಲ್ಲ. ಭದ್ರಾವತಿಯಲ್ಲಿರುವ ಮಗಳು ತಂದೆ ತೀರಿದ ಸುದ್ದಿಯನ್ನು, ಇಪ್ಪತ್ತು ಕಿಲೋಮೀಟರಿನೊಳಗೇ ಇರುವ ಶಿವಮೊಗ್ಗದಿಂದ, ಹದಿಮೂರನೆಯ ದಿನ ಕೇಳುವಂತಾದರೆ ಯಾವ ವೈದ್ಯ ಆ ಮನೆಯವರಿಗೆಲ್ಲ ರೋಗವೆಂದು ಬರೆದುಕೊಟ್ಟಾನು?

ಚಿತ್ರದ ಬಗ್ಗೆ ನನಗೊಂದು ಆಕ್ಷೇಪವೂ ಉಂಟು. ಎಲ್ಲವನ್ನೂ ಬಾಲಕನ ಕಣ್ಣಿಗೆ ಒಪ್ಪಿಸಿದ್ದರಿಂದ ಯಮುನಾಳ ಏಕಾಂತ ಹತ್ತಿರವಾಯಿತು, ಉಡುಪರ ಒಳಗು ದೂರವೇ ಉಳಿಯಿತು. ಆ ಸಂಸ್ಕಾರಕ್ಕೆ ಮೊದಲಿನ ಇರುಳು ಅವರಿಗೆ ಹೇಗೆ ಕಳೆಯಿತೋ ನಾಣಿಗೆ ತಿಳಿಯದು, ಆದ್ದರಿಂದ ನಮಗೂ ತಿಳಿಯದು. ತಲೆ ಬೋಳಿಸಿದ ಯಮುನಾ ಮರದಡಿಯಲ್ಲಿ ಒಬ್ಬಳೇ ಕುಳಿತಿರುವುದನ್ನು ನೋಡುತ್ತ ನಾಣಿ ತನ್ನ ತಂದೆಯೊಡನೆ ಊರು ಬಿಡುತ್ತಾನೆ. ಆಕೆಯ ತಂದೆ ಆ ಹೊತ್ತಿಗೆ ಎಲ್ಲಿದ್ದರೆಂದು ಕೇಳುವ ವಯಸ್ಸು ಅವನದಲ್ಲ.