‘ಆಜ್ಞೆ ಸಿಗಲಿಲ್ಲ’ ಎಂಬ ಮಾತು: ಒಂದು ವಿವೇಚನೆ

ಗಣಕಯಂತ್ರದಲ್ಲಿ ಒಂದು ಸಾಧನದ ಹೆಸರನ್ನು ಬರೆದಾಗ ‘ಆಜ್ಞೆ ಸಿಗಲಿಲ್ಲ’ ಎಂಬ ಉತ್ತರ ಬರುವುದುಂಟು. ವಿದ್ಯಾರ್ಥಿಗಳು ಈ ‘ಇಲ್ಲ’ವನ್ನು ಒಂದೇ ಅರ್ಥದಲ್ಲಿ ಗ್ರಹಿಸುವುದರಿಂದ ಮುಂದಿನ ಹುಡುಕಾಟವೆಲ್ಲ ದಾರಿ ತಪ್ಪುತ್ತದೆ. ಡೆಬಿಯನ್ ಲಿನಕ್ಸ್ ವ್ಯವಸ್ಥೆಯನ್ನು ಆಧಾರವಾಗಿಟ್ಟುಕೊಂಡು ಆ ಮಾತಿನ ಅರ್ಥವ್ಯಾಪ್ತಿಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಯಂತ್ರವು ‘ಪಾತ್’ ಎಂಬ ಪಟ್ಟಿಯಲ್ಲಿರುವ ಕೋಶಗಳನ್ನು ಮಾತ್ರ ನೋಡುತ್ತದೆ. ಜಾಲಸಂಪರ್ಕದ ವಿವರ ತೋರುವ ಇಫ್‌ಕಾನ್ಫಿಗ್ ‘ಎಸ್‌ಬಿನ್’ ಕೋಶದಲ್ಲಿರುತ್ತದೆ; ಡೆಬಿಯನ್ನಿನ ಸಾಮಾನ್ಯ ಬಳಕೆದಾರನ ಪಟ್ಟಿಯಲ್ಲಿ ಆ ಕೋಶ ಸೇರಿರುವುದಿಲ್ಲ. ಆದುದರಿಂದ ಸಾಧನವು ಯಂತ್ರದಲ್ಲಿದ್ದೂ ಇಲ್ಲವೆನಿಸಬಹುದು. ಮೊದಲು ಪರೀಕ್ಷಿಸತಕ್ಕದ್ದು ಇದನ್ನು.

ಸಾಧನವು ನಿಜವಾಗಿಯೂ ಇಲ್ಲವೆಂದಾದರೆ ಅದೇ ಹೆಸರಿನ ಪ್ಯಾಕೇಜನ್ನು ಅರಸುವುದು ರೂಢಿ. ಈ ರೂಢಿಗೆ ಭದ್ರವಾದ ಆಧಾರವಿಲ್ಲ. ಇಫ್‌ಕಾನ್ಫಿಗ್ ಇರುವುದು ನೆಟ್-ಟೂಲ್ಸ್‌ನಲ್ಲಿ, ಕಿಲ್‌ಆಲ್ ಇರುವುದು ಪಿಎಸ್‌ಮಿಸ್ಕ್‌ನಲ್ಲಿ, ಡಿಗ್ ಇರುವುದು ಬೈಂಡ್9-ಡಿಎನ್‌ಎಸ್‌ಯುಟಿಲ್ಸ್‌ನಲ್ಲಿ. ಗ್ರಂಥದ ಶೀರ್ಷಿಕೆಯಿಂದ ಒಳಗಿನ ಪದಗಳನ್ನು ಊಹಿಸಲಾಗದು, ಪದಸೂಚಿ ಬೇಕು. ಡಿಪಿಕೆಜಿಯ ಹುಡುಕುವಿಕೆ ಸ್ಥಾಪಿತವಾದ ಪ್ಯಾಕೇಜುಗಳಿಗಷ್ಟೇ ಸೀಮಿತ. ಸ್ಥಾಪಿತವಾಗದವುಗಳ ಕಡತಗಳನ್ನೂ ತಿಳಿಸುವ ಸೂಚಿ ಆಪ್ಟ್-ಫೈಲ್. ಅದನ್ನು ಬೇರೆಯಾಗಿ ಸ್ಥಾಪಿಸಿ, ಸೂಚಿಯನ್ನು ಇಳಿಸಿಕೊಂಡ ಮೇಲೆ ಬಳಸಬೇಕು. ಫೆಡೋರಾದಲ್ಲಿ ಈ ಕೆಲಸ ಮಾಡುವುದು ‘ಡಿಎನ್‌ಎಫ್ ಪ್ರೊವೈಡ್ಸ್’.

ಆದರೆ ಸೂಚಿಯೂ ಸಂದೇಹವನ್ನೆಲ್ಲ ನೀಗಿಸದು. ‘ಎನ್‌ಸಿ’ ಎಂಬ ಆಜ್ಞೆಯನ್ನು ನೆಟ್‌ಕ್ಯಾಟ್-ಓಪನ್‌ಬಿಎಸ್‌ಡಿ, ನೆಟ್‌ಕ್ಯಾಟ್-ಟ್ರೆಡಿಷನಲ್ ಎರಡೂ ಒದಗಿಸುತ್ತವೆ. ಸಂಪರ್ಕಕ್ಕೆ ಇನ್ನೊಂದು ಕಾರ್ಯಕ್ರಮವನ್ನು ಜೋಡಿಸುವ ‘-ಇ’ ಆಯ್ಕೆ ಎರಡನೆಯದರಲ್ಲಿದೆ, ಮೊದಲನೆಯದರಲ್ಲಿಲ್ಲ. ಒಂದನ್ನು ನೋಡಿ ಬರೆದ ಪಾಠ ಇನ್ನೊಂದರಲ್ಲಿ ಕೆಡುತ್ತದೆ. ಎರಡು ಪಾಠಾಂತರಗಳಲ್ಲಿ ಯಾವುದು ಗ್ರಾಹ್ಯವೆಂಬುದನ್ನು ಹೆಸರಿನಿಂದಲ್ಲ, ಪ್ರಯೋಗದಿಂದಲೇ ನಿರ್ಣಯಿಸಬೇಕು.

ಇನ್ನೊಂದು ಅಂಶವನ್ನು ಮರೆಯಲಾಗದು. 2017ರಲ್ಲಿ ಹೊರಬಂದ ಡೆಬಿಯನ್ 9ರಿಂದ ನೆಟ್-ಟೂಲ್ಸ್ ಹೊಸ ಸ್ಥಾಪನೆಗಳಲ್ಲಿ ತಾನಾಗಿ ಬರುವುದಿಲ್ಲ. ಐಪ್ರೂಟ್2ರೊಳಗಿನ ‘ಐಪಿ’ ಆಜ್ಞೆ ಅದರ ಸ್ಥಾನವನ್ನು ಪಡೆದಿದೆ. ಹಳೆಯ ಪಠ್ಯವನ್ನು ಹಿಡಿದು ಇಫ್‌ಕಾನ್ಫಿಗನ್ನು ಅರಸುವವನು ಪ್ಯಾಕೇಜನ್ನು ಸರಿಯಾಗಿಯೇ ಕಂಡುಕೊಳ್ಳಬಹುದು. ಅವನ ಪ್ರಶ್ನೆ ಮಾತ್ರ ಹಳತಾಗಿರುತ್ತದೆ.

ಕೆಲವು ವ್ಯವಸ್ಥೆಗಳು ಈಗ ಪ್ಯಾಕೇಜಿನ ಹೆಸರನ್ನು ತಾವಾಗಿಯೇ ಸೂಚಿಸುತ್ತವೆ. ಇದು ಉಪಕಾರವೇ ಸರಿ. ಆದರೆ ಸೂಚನೆ ತೀರ್ಪಲ್ಲ. ಎಲ್ಲಿ ಹುಡುಕಿದೆವು, ಯಾವುದನ್ನು ಆರಿಸಿದೆವು, ಏಕೆ ಆರಿಸಿದೆವು ಎಂಬ ಮೂರನ್ನೂ ವಿದ್ಯಾರ್ಥಿ ಹೇಳಬಲ್ಲವನಾದಾಗಲೇ ಅವನ ಕೆಲಸ ಶೋಧವೆನಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ.